ಗದ್ದೆ ಕಣ್ಣೆದುರಿಗೇ ಇದೆ, ಸೇತುವೆ ಎಲ್ಲಿದೆ? ಓಪನ್‌ಸ್ಟ್ರೀಟ್‌ಮ್ಯಾಪ್ ಜೊತೆ ನಾಲ್ಕು ವರ್ಷ

ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ. ಮನೆಯಲ್ಲಿ ಎರಡು ಭತ್ತ ಕೊಯ್ಯುವ ಮಷಿನ್ ಇವೆ. ಎರಡೂ ಚೈನ್ ಮೇಲೆ ಹೋಗುವಂಥವು, ಹಾಗಾಗಿ ಊರಿಂದ ಊರಿಗೆ ಹೋಗಬೇಕಾದರೆ ಲಾರಿ ಮೇಲೆ ಏರಿಸಲೇಬೇಕು. ಮನೆಯವರು ಗದ್ದೆ ಕಡೆ ನೋಡಿಕೊಳ್ಳುತ್ತಾರೆ, ನಾನು ಫೋನ್ ಕಡೆ. ಇವತ್ತು ಯಾರ ಗದ್ದೆ, ನಾಳೆ ಯಾರದ್ದು, ಲಾರಿ ಯಾವ ದಾರಿ ಹಿಡಿಯಬೇಕು, ಎಲ್ಲ ನನ್ನ ಲೆಕ್ಕ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಜನರೇ ಸೇರಿ ಬರೆಯುವ ನಕ್ಷೆಯ ಬಗ್ಗೆ ನಾನು ಬರೆಯುತ್ತಿರುವುದು ಈ ಕೆಲಸದಲ್ಲಿ ನಾಲ್ಕು ವರ್ಷ ದಿನಾ ಬಳಸಿದ್ದಕ್ಕೆ. ಅದರಲ್ಲಿ ಏನೇನು ಸೌಲಭ್ಯ ಇದೆ ಅನ್ನೋ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಟ್ಟುಬಿಡುತ್ತೇನೆ.

ನಮ್ಮ ಕಡೆಯ ತೊಂದರೆ ಬೇರೆ ಊರಿನವರಿಗೆ ಬೇಗ ಅರ್ಥ ಆಗಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ 227 ಕಿ.ಮೀ. ಹರಿಯುತ್ತದೆ. ಅದರಿಂದ ಡಿಸ್ಟ್ರಿಬ್ಯೂಟರಿಗಳು, ಅದರಿಂದ ಮರಿ ಕಾಲುವೆಗಳು, ಕೊನೆಗೆ ಹೊಲಗಾಲುವೆಗಳು. ನೀರು ಎಲ್ಲ ಕಡೆ ಹೋಗುತ್ತದೆ, ಲಾರಿ ಹೋಗಲ್ಲ. ಗದ್ದೆ ಇನ್ನೂರು ಮೀಟರ್ ದೂರದಲ್ಲಿ ಕಣ್ಣಿಗೆ ಕಾಣುತ್ತಿರುತ್ತದೆ, ರೈತ ಆ ದಡದಲ್ಲಿ ನಿಂತು ಟವೆಲ್ ಬೀಸುತ್ತಿರುತ್ತಾನೆ, ಲಾರಿ ದಾಟುವಂಥ ಸೇತುವೆ ನೋಡಿದರೆ ಮೂರು ಕಿಲೋಮೀಟರ್ ಹಿಂದೆ ಬಿಟ್ಟುಬಂದಿರುತ್ತೇವೆ. ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಿದರೆ ಸಾಕು ಅಂತ ರೈತರು ತಿಳಿದಿರುತ್ತಾರೆ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಜಮೀನಿನ ಸರ್ವೆ ನಂಬರ್ ಕೂಡ ಸಿಗುತ್ತದೆ, ಅದನ್ನು ನಾನೂ ದಿನಾ ನೋಡುತ್ತೇನೆ. ಆದರೆ ಜಾಗ ಗೊತ್ತಾಗುವುದು ಬೇರೆ, ಅಲ್ಲಿಗೆ ಹೋಗಿ ಮುಟ್ಟುವುದು ಬೇರೆ.

2021ರಲ್ಲಿ ನನ್ನ ತಮ್ಮ ಇದನ್ನು ಫೋನಿಗೆ ಹಾಕಿಕೊಟ್ಟ. ಮೊದಲು ನನಗೂ ಗೊಂದಲ ಆಗಿತ್ತು. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋದು ಒಂದು ಆ್ಯಪ್ ಅಲ್ಲ. ಅದು ಭೂಮಿಯ ಮೇಲಿನ ರಸ್ತೆ, ಕಾಲುವೆ, ಊರು, ಗುಡಿ ಎಲ್ಲದರ ಮಾಹಿತಿ. 2004ರಲ್ಲಿ ಸ್ಟೀವ್ ಕೋಸ್ಟ್ ಅನ್ನುವವರು ಇಂಗ್ಲೆಂಡಿನಲ್ಲಿ ಶುರು ಮಾಡಿದ್ದು. ಯಾರು ಬೇಕಾದರೂ ಗೆರೆ ಎಳೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು, ಮೂಲ ಎಲ್ಲಿಯದು ಅಂತ ಹೇಳಬೇಕು. ಆ ಮಾಹಿತಿ ತೋರಿಸುವ ಆ್ಯಪ್‌ಗಳು ಬೇರೆ ಬೇರೆ. ಲಾರಿ ಡ್ರೈವರ್ ಫೋನಿನಲ್ಲಿ ಓಸ್ಮಾಂಡ್, ನನ್ನ ಫೋನಿನಲ್ಲಿ ಸುಮ್ನೆ ನೋಡಲಿಕ್ಕೆ ಆರ್ಗ್ಯಾನಿಕ್ ಮ್ಯಾಪ್ಸ್, ತಿದ್ದಲಿಕ್ಕೆ ವೆಸ್ಪುಚಿ. ಮೂರೂ ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡುತ್ತವೆ, ಮೊದಲು ನಕ್ಷೆ ಇಳಿಸಿಕೊಳ್ಳುವಾಗ, ತಿದ್ದಿದ್ದನ್ನು ಕಳಿಸುವಾಗ ಮಾತ್ರ ನೆಟ್ ಬೇಕು. ಕಾಲುವೆ ದಂಡೆ ಮೇಲೆ ಎಷ್ಟೋ ಕಡೆ ಸಿಗ್ನಲ್ ಒಂದು ಕಡ್ಡಿಯೂ ಬರಲ್ಲ, ಹಾಗಾಗಿ ಇದೊಂದೇ ಕಾರಣಕ್ಕೆ ನಾನು ಇವನ್ನು ಇಟ್ಟುಕೊಳ್ಳುತ್ತಿದ್ದೆ.

ಆದರೆ ನನ್ನನ್ನು ಹಿಡಿದಿಟ್ಟಿದ್ದು ಬೇರೆ. ಸೇತುವೆಯ ಅಗಲ.

ಈ ನಕ್ಷೆಯಲ್ಲಿ ಪ್ರತಿ ಸೇತುವೆಗೂ ಎಷ್ಟು ಅಗಲದ ಗಾಡಿ ಹೋಗಬಹುದು ಅಂತ ಬರೆಯಲಿಕ್ಕೆ ಜಾಗ ಇದೆ. ಓಸ್ಮಾಂಡ್‌ನಲ್ಲಿ ಲಾರಿ ಪ್ರೊಫೈಲ್ ಆರಿಸಿ ನಮ್ಮ ಗಾಡಿ ಅಗಲ ಹಾಕಿದರೆ, ಅದಕ್ಕಿಂತ ಕಿರಿದಾದ ಸೇತುವೆ ಬಿಟ್ಟು ಸುತ್ತು ಹಾಕಿ ಕರೆದುಕೊಂಡು ಹೋಗುತ್ತದೆ. ಆದರೆ ನಮ್ಮ ಕಡೆ ಯಾವ ಸೇತುವೆಗೂ ಆ ಅಂಕಿ ಇರಲಿಲ್ಲ. ಯಾರು ಹಾಕಬೇಕು? ನಾನೇ ಶುರು ಮಾಡಿದೆ.

ಅಕ್ಟೋಬರ್ ಬಂತೆಂದರೆ ಭಾನುವಾರ ಬೆಳಿಗ್ಗೆ ನಾನೂ ಮಗಳೂ ಸ್ಕೂಟಿ ತೆಗೆದುಕೊಂಡು ಹೊರಡುತ್ತೇವೆ. ಡಿಕ್ಕಿಯಲ್ಲಿ ಒಂದು ಮೂವತ್ತು ಮೀಟರಿನ ಟೇಪು, ನೀರಿನ ಬಾಟ್ಲಿ, ಒಂದು ಡಬ್ಬಿ ಮಂಡಕ್ಕಿ. ಬಿಸಿಲೇರುವ ಮೊದಲು ಆರೇಳು ಸೇತುವೆ ಆಗುತ್ತದೆ. ಅವಳು ಸೊನ್ನೆ ಇರುವ ತುದಿಯನ್ನು ಒಂದು ಕಡೆಯ ಕಟ್ಟೆಗೆ ಒತ್ತಿ ಹಿಡಿಯುತ್ತಾಳೆ, ನಾನು ಇನ್ನೊಂದು ಕಡೆ ಹೋಗಿ ಎಳೆದು ಓದುತ್ತೇನೆ. ಮೂರು ಕಡೆ ಅಳೆಯಬೇಕು: ಏರುವಲ್ಲಿ, ನಡುವೆ, ಇಳಿಯುವಲ್ಲಿ. ನಡುವೆ ಒಂದೇ ಕಡೆ ಅಳೆದರೆ ಮೋಸ ಹೋಗುತ್ತೇವೆ. ಒಂದು ಸೇತುವೆ ನಡುವೆ ಹತ್ತು ಅಡಿ ಇತ್ತು, ಇಳಿಯುವ ಕಡೆ ಮೂಲೆಯ ಕಲ್ಲಿಗೆ ಯಾವುದೋ ಟ್ರ್ಯಾಕ್ಟರ್ ಗುದ್ದಿ ಅದು ಒಳಕ್ಕೆ ವಾಲಿಕೊಂಡಿತ್ತು, ಅಲ್ಲಿ ಉಳಿದಿದ್ದು ಒಂಬತ್ತು ಅಡಿ. ಆ ಕಲ್ಲಿನ ಮೇಲೆ ಮೂರು ನಾಲ್ಕು ಬಣ್ಣದ ಗೀರುಗಳಿದ್ದವು. ಎಷ್ಟು ಗಾಡಿಗಳು ಉಜ್ಜಿಕೊಂಡು ಹೋಗಿದ್ದವೋ.

ಇಲ್ಲಿ ಒಂದು ಎಚ್ಚರಿಕೆ. ಅಡಿಯಲ್ಲಿ ಅಳೆದು ಬರೀ 10 ಅಂತ ಬರೆದರೆ ನಕ್ಷೆ ಅದನ್ನು 10 ಮೀಟರ್ ಅಂತ ಓದುತ್ತದೆ. ಮೊದಲ ಎರಡು ಭಾನುವಾರ ನಾನು ಹಾಗೇ ಬರೆದಿದ್ದೆ. ಹನ್ನೊಂದು ಸೇತುವೆಗಳು ಹೆದ್ದಾರಿಯಷ್ಟು ಅಗಲ ಆಗಿಬಿಟ್ಟಿದ್ದವು. ಹತ್ತು ಅಡಿ ಅಂದರೆ 3.05 ಮೀಟರ್, ಒಂಬತ್ತು ಅಡಿ 2.74. ಈಗ ಟೇಪಿನ ಮೀಟರ್ ಬದಿಯನ್ನೇ ಓದುತ್ತೇನೆ. ನಮ್ಮ ಲಾರಿ ಎಂಟು ಅಡಿ ಅಗಲ, ಆದರೆ ರಾತ್ರಿ ಹೊತ್ತು ಡ್ರೈವರಿಗೆ ಎರಡೂ ಬದಿ ಸ್ವಲ್ಪ ಉಸಿರಾಡಲು ಜಾಗ ಬೇಕಲ್ಲ, ಅದಕ್ಕೆ ಆ್ಯಪ್‌ನಲ್ಲಿ 2.8 ಮೀಟರ್ ಅಂತ ಹಾಕಿಟ್ಟಿದ್ದೇನೆ. ಹಾಗೆ ಹಾಕಿದ ಮೊದಲ ಸುಗ್ಗಿಯಲ್ಲಿ, ಆ ವಾಲಿದ ಕಲ್ಲಿನ ಸೇತುವೆ ಹತ್ತಿರ ಬರುವ ಮುಂಚೆಯೇ ದಾರಿಯ ಗೆರೆ ಎಡಕ್ಕೆ ತಿರುಗಿ ದೊಡ್ಡ ಸೇತುವೆ ಹಿಡಿದಿದ್ದನ್ನು ನೋಡಿ ನನಗೆ ಆದ ಖುಷಿ ಹೇಳತೀರದು. ಮಗಳು ಹಿಡಿದ ಟೇಪು ಲಾರಿಗೆ ದಾರಿ ಹೇಳಿತ್ತು.

ಇಲ್ಲಿಗೆ ಬರೆದು ನಿಲ್ಲಿಸಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಆದರೆ ಮೂರನೇ ವರ್ಷದ ನವೆಂಬರಿನಲ್ಲಿ ಒಂದು ರಾತ್ರಿ ಹೀಗಾಯಿತು.

ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಟೀವಿಯಲ್ಲಿ ಹೇಳುತ್ತಿದ್ದರು. ಸೋನಾ ಮಸೂರಿ ಕೊಯ್ಲಿಗೆ ಬಂದು ನಿಂತಿತ್ತು, ಮಳೆ ಬಿದ್ದರೆ ಪೈರು ಮಲಗಿಬಿಡುತ್ತದೆ, ತೆನೆಯಲ್ಲೇ ಮೊಳಕೆ ಬರುತ್ತದೆ. ಎಲ್ಲರಿಗೂ ಅವತ್ತೇ ಮಷಿನ್ ಬೇಕು. ರಾತ್ರಿ ಹತ್ತಕ್ಕೆ ಲಾರಿ ಒಂದು ಕ್ಯಾಂಪಿನ ಕಡೆ, ಅಂದರೆ ಒಂದು ಸಣ್ಣ ಊರಿನ ಕಡೆ, ಹೊರಟಿತು. ಡ್ರೈವರ್ ಸೇಲಂ ಕಡೆಯವರು, ನಮ್ಮ ಕಾಲುವೆಗಳು ಅವರಿಗೆ ಹೊಸದು. ಹನ್ನೊಂದಕ್ಕೆ ಜೊತೆಗಿದ್ದ ನಮ್ಮೂರ ಹುಡುಗನ ಫೋನ್.

"ಅಕ್ಕಾ, ಗದ್ದಿ ಕಾಣಾಕತ್ತೈತಿ, ದಾಟಾಕ ದಾರಿನ ಇಲ್ಲ."

"ನಕ್ಷೆಯಾಗ ಏನ್ ತೋರಸ್ತೈತಿ?"

"ಸೀದಾ ಹೋಗ್ರಿ ಅಂತೈತ್ರಿ ಅಕ್ಕಾ. ಇಲ್ಲಿ ನೋಡಿದ್ರ ಎರಡು ಕರೆಂಟ್ ಕಂಬ ಅದಾವು."

ನನಗೆ ಆ ಜಾಗ ಚೆನ್ನಾಗಿ ಗೊತ್ತು. ಮುರಿದ ಎರಡು ಸಿಮೆಂಟ್ ಕಂಬಗಳನ್ನು ಕಾಲುವೆಗೆ ಅಡ್ಡ ಹಾಕಿ, ಮೇಲೆ ಕಲ್ಲಿನ ಚಪ್ಪಡಿ ಜೋಡಿಸಿದ್ದಾರೆ. ಹುಲ್ಲಿನ ಹೊರೆ ಹೊತ್ತವರು ಒಬ್ಬೊಬ್ಬರಾಗಿ ದಾಟುತ್ತಾರೆ, ಎಮ್ಮೆ ಕೂಡ ಅದರ ಮೇಲೆ ಕಾಲಿಡಲ್ಲ. ನಾನೇ ಅದನ್ನು ಕಾಲುದಾರಿ ಅಂತ ಬರೆದಿದ್ದೆ. ಹಾಗಿದ್ದರೆ ಅದು ರಸ್ತೆ ಹೇಗಾಯಿತು? ಒಂದು ಕಡೆ ತುಂಬಿದ ಕಾಲುವೆ, ಇನ್ನೊಂದು ಕಡೆ ಕೆಸರು ಗದ್ದೆ, ನಡುವೆ ಒಂದೂವರೆ ಕಿಲೋಮೀಟರ್ ಆ ಲಾರಿ ರಿವರ್ಸ್ ಬರಬೇಕಾಯಿತು. ಹುಡುಗ ಹಿಂದೆ ಹಿಂದೆ ಬ್ಯಾಟರಿ ಹಿಡಿದು ನಡೆದ. ಮೂರು ಗಂಟೆ ಹೋಯಿತು. ಗಂಟೆಗೆ ಎರಡು ಸಾವಿರದ ಮೇಲೆ ಬಾಡಿಗೆ, ಆ ದುಡ್ಡು ಹೋಗಲಿ, ಬೆಳಗಿನ ಜಾವಕ್ಕೆ ಮಳೆ ಹಿಡಿಯಿತು, ಆ ರೈತರ ಎರಡು ಎಕರೆ ನಿಂತೇ ಹೋಯಿತು. ಅವರು ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಜಾಸ್ತಿ ಸಂಕಟ ಆಗಿದ್ದು.

ಮಾರನೇ ದಿನ ಕಂಪ್ಯೂಟರಿನಲ್ಲಿ ಆ ಗೆರೆಯ ಇತಿಹಾಸ ತೆಗೆದೆ. ಇದರಲ್ಲಿ ಯಾರು, ಯಾವತ್ತು, ಏನು ಬದಲಿಸಿದರು ಅನ್ನೋದು ಎಲ್ಲವೂ ಉಳಿದಿರುತ್ತದೆ. ಎರಡು ತಿಂಗಳ ಹಿಂದೆ ಯಾರೋ ಉಪಗ್ರಹದ ಚಿತ್ರ ನೋಡಿ ನನ್ನ ಕಾಲುದಾರಿಯನ್ನು ರಸ್ತೆ ಮಾಡಿ ಎರಡೂ ದಡಕ್ಕೆ ಜೋಡಿಸಿದ್ದರು. ಮೇಲಿನಿಂದ ನೋಡಿದರೆ ಚಪ್ಪಡಿ ಬಿಳಿ ಪಟ್ಟಿ ಹಾಗೆ ಕಾಣುತ್ತದೆ, ಸೇತುವೆ ಅನ್ನಿಸುತ್ತದೆ. ರಸ್ತೆ ಒಂದೇ ಗೆರೆಯಾಗಿ ಹೋಗಿದ್ದರೆ ಆ್ಯಪ್ ಅದನ್ನು ನಂಬಿಬಿಡುತ್ತದೆ, ಕೆಳಗೆ ಕಾಲುವೆ ಇದೆ ಅನ್ನೋದು ಅದಕ್ಕೆ ಲೆಕ್ಕವೇ ಅಲ್ಲ. ಯಾರು ಬೇಕಾದರೂ ತಿದ್ದಬಹುದು ಅನ್ನೋ ಮಾತಿನ ಇನ್ನೊಂದು ಮುಖ ಇದು. ಅವತ್ತು ನಾನು ಎಲ್ಲ ಅಳಿಸಿಹಾಕಿ ಬಿಟ್ಟುಬಿಡೋಣ ಅಂದುಕೊಂಡಿದ್ದೆ.

ಬಿಡಲಿಲ್ಲ. ಅವರು ಮಾಡಿದ ಬದಲಾವಣೆಯ ಕೆಳಗೆ ಮಾತು ಬರೆಯಲಿಕ್ಕೆ ಜಾಗ ಇರುತ್ತದೆ. ರಾತ್ರಿ ನಡೆದಿದ್ದನ್ನೆಲ್ಲ ಬರೆದೆ, ಕಂಬದ ಫೋಟೋ ಒಂದರ ಲಿಂಕ್ ಹಾಕಿದೆ. ಎರಡು ದಿನಕ್ಕೆ ಉತ್ತರ ಬಂತು. ದೂರದ ಊರಿನವರು, ನಮ್ಮ ಕಡೆ ಕಾಲಿಟ್ಟವರಲ್ಲ. ತಪ್ಪಾಯಿತು ಅಂತ ನೇರವಾಗಿ ಬರೆದಿದ್ದರು. ಅಷ್ಟೇ ಅಲ್ಲ, ಚಿತ್ರ ನೋಡಿ ತಾವು ಜೋಡಿಸಿದ್ದ ಉಳಿದ ದಾಟುಗಳ ಪಟ್ಟಿ ಕಳಿಸಿ, ಇವುಗಳಲ್ಲಿ ಯಾವುದು ನಿಜವಾಗಿ ಸೇತುವೆ ಅಂತ ಕೇಳಿದ್ದರು. ಹದಿನಾಲ್ಕಿತ್ತು. ನಾನು, ಮಗಳು ಹೋಗಿ ನೋಡಿಬಂದೆವು. ಒಂಬತ್ತು ಸರಿ ಇದ್ದವು, ಐದು ತಪ್ಪು. ಅದೇ ಮನುಷ್ಯ ನಮ್ಮ ಕ್ಯಾಂಪುಗಳ ಒಳದಾರಿ, ಮನೆ, ಕೆರೆ ಎಷ್ಟೊಂದನ್ನು ಕೂತಲ್ಲೇ ಬಿಡಿಸಿಕೊಟ್ಟಿದ್ದರು, ಅದು ನನಗೆ ಆಮೇಲೆ ಗೊತ್ತಾಯಿತು. ಈಗ ಅವರು ಗೆರೆ ಎಳೆಯುತ್ತಾರೆ, ನಾವು ಹೋಗಿ ಅಳೆಯುತ್ತೇವೆ. ಕಂಬದ ದಾಟುಗಳ ಮೇಲೆಲ್ಲ "ನಡೆಯುವವರಿಗೆ ಮಾತ್ರ, ಸ್ಥಳಕ್ಕೆ ಹೋಗಿ ನೋಡಿದ್ದು" ಅಂತ ಟಿಪ್ಪಣಿ ಬರೆದಿಡುತ್ತೇನೆ, ಮುಂದೆ ತಿದ್ದಲು ಬರುವವರ ಕಣ್ಣಿಗೆ ಬೀಳಲಿ ಅಂತ.

ಆದರೂ ಒಂದು ಕೊರತೆ ಹಾಗೇ ಇದೆ. ತಿದ್ದಿದ್ದು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಕೆಲವೇ ನಿಮಿಷಕ್ಕೆ ಕಾಣುತ್ತದೆ. ಡ್ರೈವರ್ ಫೋನಿಗೆ ಬರಬೇಕಾದರೆ ಓಸ್ಮಾಂಡ್‌ನ ಹೊಸ ತಿಂಗಳ ನಕ್ಷೆ ಬರಬೇಕು, ಬೇಗ ಬೇಕೆಂದರೆ ಸಾಮಾನ್ಯವಾಗಿ ದುಡ್ಡು ಕೊಡಬೇಕು. ನಮ್ಮ ಸುಗ್ಗಿಯೇ ಒಂದು ತಿಂಗಳು, ಅಲ್ವಾ? ಹಾಗಾಗಿ ನಾನು ಮಾಡುವುದು ಇಷ್ಟು: ಕಷ್ಟದ ಜಾಗಕ್ಕೆ ಮೊದಲೇ ಸ್ಕೂಟಿಯಲ್ಲಿ ಹೋಗಿ, ಹೋದ ದಾರಿಯನ್ನು ಓಸ್ಮಾಂಡ್‌ನಲ್ಲೇ ರೆಕಾರ್ಡ್ ಮಾಡಿ, ಆ ಜಿಪಿಎಕ್ಸ್ ಫೈಲನ್ನು ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಡ್ರೈವರ್ ಅದನ್ನು ತೆರೆದು ನನ್ನ ಗೆರೆ ಹಿಂದೆ ಬರುತ್ತಾರೆ. ಕೆಟ್ಟ ದಾರಿ ಇದ್ದರೆ ಅದನ್ನು ಬಿಟ್ಟು ಹೋಗು ಅಂತ ಅವರ ಫೋನಿನಲ್ಲೇ ಗುರುತು ಹಾಕಲೂ ಬರುತ್ತದೆ. ಪ್ಲೇ ಸ್ಟೋರಿನ ಉಚಿತ ಓಸ್ಮಾಂಡ್‌ನಲ್ಲಿ ನಕ್ಷೆ ಇಳಿಸಲು ಮಿತಿ ಇದೆ, ಎಫ್-ಡ್ರಾಯ್ಡ್ ಅನ್ನುವ ಇನ್ನೊಂದು ಆ್ಯಪ್ ಸ್ಟೋರಿನಿಂದ ಹಾಕಿಕೊಂಡರೆ ಆ ಮಿತಿ ಇಲ್ಲ. ಡ್ರೈವರ್‌ಗಳ ಫೋನಿಗೆಲ್ಲ ನಾನು ಅಲ್ಲಿಂದಲೇ ಹಾಕಿಕೊಡುತ್ತೇನೆ, ನಮ್ಮ ಮನೆ ವೈಫೈಯಲ್ಲಿ, ಅವರು ಊಟ ಮಾಡುವಷ್ಟರಲ್ಲಿ.

ಹೆಸರುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಸಿಂಧನೂರನ್ನೇ ಎರಡು ಥರ ಬರೆಯುತ್ತಾರೆ, ಗಂಗಾವತಿಯದೂ ಅದೇ ಕಥೆ, ಹುಡುಕಿದರೆ ಒಮ್ಮೊಮ್ಮೆ ಸಿಗಲ್ಲ. ಕನ್ನಡ ಹೆಸರಿಗೆ ಪ್ರತ್ಯೇಕ ಜಾಗ ಇದೆ, ಅದನ್ನು ತುಂಬಿದರೆ ಆ ಗೋಳೇ ಇಲ್ಲ. ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಿಂದ ಹಿಡಿದು ನಮ್ಮ ಸುತ್ತಲಿನ ಸಣ್ಣ ಕ್ಯಾಂಪುಗಳವರೆಗೆ ಜನ ಕರೆಯುವ ಹೆಸರನ್ನೇ ಕನ್ನಡದಲ್ಲಿ ತುಂಬುತ್ತಾ ಇದ್ದೇನೆ. ಬೇರೆ ಕಂಪನಿ ನಕ್ಷೆ ನೋಡಿ ನಕಲು ಮಾಡುವ ಹಾಗಿಲ್ಲ, ಅದು ಇಲ್ಲಿನ ಕಟ್ಟುನಿಟ್ಟಿನ ನಿಯಮ. ಕೇಳಿ, ನೋಡಿ, ಬರೆಯಬೇಕು.

ಇನ್ನು ಕ್ಯೂಜಿಐಎಸ್, ಕಂಪ್ಯೂಟರಿನಲ್ಲಿ ನಕ್ಷೆ ತಯಾರಿಸುವ ಸಾಫ್ಟ್‌ವೇರ್. ಅದೂ ಪುಕ್ಕಟೆ, 2002ರಿಂದ ಇದೆ. ನಮ್ಮ ಹಳೇ ಲ್ಯಾಪ್‌ಟಾಪಿನಲ್ಲಿ ತೆರೆದುಕೊಳ್ಳುವಷ್ಟರಲ್ಲಿ ಒಂದು ಚಹಾ ಆಗುತ್ತದೆ. ಆದರೆ ವರ್ಷಕ್ಕೊಮ್ಮೆ ಅದು ಬೇಕೇ ಬೇಕು. ಕ್ವಿಕ್‌ಒಎಸ್ಎಂ ಅನ್ನುವ ಪ್ಲಗಿನ್ ಹಾಕಿಕೊಂಡು ನಮ್ಮ ತಾಲ್ಲೂಕಿನ ಕಾಲುವೆ, ಸೇತುವೆ ಎಳೆದುಕೊಳ್ಳುತ್ತೇನೆ. ಲಾರಿ ಹೋಗುವ ಸೇತುವೆ ಹಸಿರು, ಹೋಗದ್ದು ಕೆಂಪು, ಅಳೆಯದೇ ಇರುವುದು ಬೂದು. ಪಕ್ಕದಲ್ಲಿ ಅಗಲದ ಅಂಕಿ. ಗಂಗಾವತಿಯಲ್ಲಿ ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಲ್ಯಾಮಿನೇಶನ್ ಮಾಡಿಸಿ ಲಾರಿ ಕ್ಯಾಬಿನ್ನಿನಲ್ಲಿ ಅಂಟಿಸುತ್ತೇನೆ. ಫೋನ್ ಚಾರ್ಜ್ ಮುಗಿದರೂ ಹಾಳೆ ಇರುತ್ತದೆ. ಈ ನಾಲ್ಕು ವರ್ಷದಲ್ಲಿ ನಾನು ಖರ್ಚು ಮಾಡಿದ್ದು ಆ ಪ್ರಿಂಟಿಗೆ, ಟೇಪಿಗೆ, ಸ್ಕೂಟಿ ಪೆಟ್ರೋಲಿಗೆ.

ಊರೂರಿನ ದೊಡ್ಡ ರಸ್ತೆಯಲ್ಲಷ್ಟೇ ಓಡಾಡುವವರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಕೂತಲ್ಲಿ ಎಲ್ಲ ಸಿದ್ಧವಾಗಿ ಸಿಗಬೇಕು ಅನ್ನುವವರಿಗೆ ಬೇಸರ ಆಗುತ್ತದೆ. ಹೊಲಕ್ಕೆ ಗಾಡಿ ಕಳಿಸುವ ಕೆಲಸ ನಿಮ್ಮದಾಗಿದ್ದರೆ, ಗೊಬ್ಬರದ ಲಾರಿ ಇರಲಿ, ಬೋರ್‌ವೆಲ್ ಗಾಡಿ ಇರಲಿ, ಇದನ್ನು ಹಾಕಿಕೊಳ್ಳಿ. ನಾನು ನಾಲ್ಕು ಸ್ಟಾರ್ ಕೊಡುತ್ತೇನೆ. ಐದನೆಯದು ಆ ಎರಡು ಎಕರೆಯದು, ಅದನ್ನು ಕೊಡಲಿಕ್ಕೆ ನನಗೆ ಮನಸ್ಸು ಬರುತ್ತಿಲ್ಲ.

ಈ ವರ್ಷದ ಹಾಳೆಯಲ್ಲಿ ಕಾರಟಗಿ ಸುತ್ತ ಬೂದು ಬಣ್ಣ ಹತ್ತಿರ ಹತ್ತಿರ ಮುಗಿದಿದೆ. ಸಿಂಧನೂರು ದಾಟಿ ಮಾನ್ವಿ ಕಡೆ, ಕಾಲುವೆಯ ಕೊನೆಯ ಭಾಗದಲ್ಲಿ, ಎಲ್ಲವೂ ಇನ್ನೂ ಬೂದು. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಟೇಪು ಹಿಡಿದು ನಿಮ್ಮೂರ ಸೇತುವೆಗೆ ಹೋಗಿ. ಮೂರು ಕಡೆ ಅಳೆಯಿರಿ. ಮೀಟರಿನಲ್ಲಿ ಬರೆಯಿರಿ.