ಹತ್ತನೇ ತರಗತಿಯ ಗಣಿತಕ್ಕೆ ದೀಕ್ಷಾವೋ, ಖಾನ್ ಅಕಾಡೆಮಿಯೋ?

ಸಕಲೇಶಪುರದ ಒಳಹಳ್ಳಿಗಳಿಂದ ಹಾಸನಕ್ಕೆ ಟ್ಯೂಷನ್‌ಗೆಂದು ದಿನವೂ ಬಂದುಹೋಗಲಾಗದ ಮಕ್ಕಳಿಗೆ ವಿಡಿಯೋ ಪಾಠಗಳು ನಿಜವಾದ ಆಸರೆ. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಅದೇ ಅಧ್ಯಾಯದ ಪಾಠ ತೆರೆದುಕೊಳ್ಳುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡುವ ಊರಿನವರು ಅದನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಪರೀಕ್ಷೆ ಹತ್ತಿರವಿದ್ದರೆ ಇದೇ ಸರಿ.

ಆದರೆ ಬೀಜಗಣಿತದ ತಳಪಾಯವೇ ಸಡಿಲವಾಗಿದ್ದರೆ ನಾನು ವಿಡಿಯೋ ಪಾಠಗಳ ಜೊತೆ ಅಭ್ಯಾಸದ ಲೆಕ್ಕಗಳನ್ನೂ ಕೊಡುವ ಉಚಿತ ಜಾಲತಾಣ ಖಾನ್ ಅಕಾಡೆಮಿಯನ್ನೇ ಆರಿಸುತ್ತೇನೆ: ಮೊತ್ತ 5, ಗುಣಲಬ್ಧ 6 ಬರುವ ಎರಡು ಸಂಖ್ಯೆಗಳನ್ನು ಹುಡುಕಿ ವರ್ಗ ಸಮೀಕರಣವನ್ನು ಅಪವರ್ತಿಸುವಾಗ ತಪ್ಪಿದ ಮಗು, ಅಲ್ಲಿ ಹಂತಹಂತದ ಸುಳಿವು ನೋಡಿ, ಏಳನೇ ತರಗತಿಯ ಪಾಠಕ್ಕೂ ಸಂಕೋಚವಿಲ್ಲದೆ ಹಿಂದಿರುಗಬಹುದು.

ರೇಖಾಗಣಿತಕ್ಕೆ ಎರಡೂ ಅರ್ಧ ಸಹಾಯವಷ್ಟೇ. ವಿಡಿಯೋ ನಿಲ್ಲಿಸಿ, ಕೈವಾರ ಹಿಡಿದು ಹಾಳೆಯ ಮೇಲೆ ವೃತ್ತಕ್ಕೆ ಸ್ಪರ್ಶಕವನ್ನು ತಾವೇ ಎಳೆಯದಿದ್ದರೆ ರಚನೆ ಕೈಗೆ ಹತ್ತುವುದಿಲ್ಲ.