ಹ್ಯಾಲೋವೀನ್‌ಗೆ ಮಕ್ಕಳ ಕೈಗೆ ಯಾವ ಪುಸ್ತಕ? ಮೂರನ್ನು ಓದಿ ನೋಡಿದ ಮೇಲೆ

ರೇ ಬ್ರಾಡ್‌ಬರಿಯ ‘ದಿ ಹ್ಯಾಲೋವೀನ್ ಟ್ರೀ’ (1972) ದೊಡ್ಡವರು ಗಟ್ಟಿಯಾಗಿ ಓದಿ ಹೇಳಿದರೆ ಕಿವಿಗೆ ಹಬ್ಬ. ಅದನ್ನೇ ಹತ್ತು ವರ್ಷದ ಮಗುವಿನ ಕೈಗೆ ಕೊಟ್ಟು ಓದಿಕೋ ಅಂದರೆ ಅರ್ಧಕ್ಕೇ ಮುಚ್ಚಿಡುವ ಸಾಧ್ಯತೆ ಹೆಚ್ಚು.

ವೇಷ ಹಾಕಿದ ಎಂಟು ಹುಡುಗರು, ಕಾಣೆಯಾದ ಗೆಳೆಯ ಪಿಪ್ಕಿನ್, ದಾರಿ ತೋರಿಸುವ ಮೌಂಡ್‌ಶ್ರೌಡ್ ಎಂಬ ನಿಗೂಢ ಆಸಾಮಿ. ಈಜಿಪ್ಟ್, ಪ್ರಾಚೀನ ಬ್ರಿಟನ್, ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚು, ಮೆಕ್ಸಿಕೊ ಅಂತ ಕಾಲ ದಾಟಿ ಓಡುತ್ತಾರೆ. ಹಳೇ ಸರ್ಕಸ್ ಪೋಸ್ಟರುಗಳನ್ನು ಕಿತ್ತು ದೈತ್ಯ ಗಾಳಿಪಟ ಕಟ್ಟುವ ಭಾಗಕ್ಕೆ ಸಾಟಿಯಿಲ್ಲ. ತೊಂದರೆ ಏನೆಂದರೆ, ಟಾಮ್ ಒಬ್ಬನನ್ನು ಬಿಟ್ಟರೆ ಉಳಿದ ಏಳು ಜನರಲ್ಲಿ ಯಾರು ಯಾರೆಂದೇ ತಿಳಿಯುವುದಿಲ್ಲ. ಮಮ್ಮಿ ವೇಷದವನಿಗೆ ಈಜಿಪ್ಟ್, ಗಾರ್ಗಾಯ್ಲ್ (ಹಳೇ ಚರ್ಚುಗಳ ಗೋಡೆಯ ಮೇಲಿನ ವಿಕಾರ ಕಲ್ಲುಮೂರ್ತಿ) ವೇಷದವನಿಗೆ ಪ್ಯಾರಿಸ್. ಆ ಊರು ದಾಟಿತೋ, ಹುಡುಗನ ಕೆಲಸವೂ ಮುಗಿಯಿತು. ಹೆಸರು ಮತ್ತು ವೇಷದ ಪಟ್ಟಿಯೊಂದನ್ನು ಚೀಟಿಯಲ್ಲಿ ಬರೆದು ಪುಟದ ನಡುವೆ ಇಟ್ಟುಕೊಂಡರೆ ಕೇಳುವ ಮಕ್ಕಳು ದಾರಿ ತಪ್ಪುವುದಿಲ್ಲ. ಗುಂಪಿನಲ್ಲಿ ಒಬ್ಬ ಹುಡುಗಿಯೂ ಇಲ್ಲ. 1993ರ ಕಾರ್ಟೂನ್ ಚಿತ್ರ ಮಕ್ಕಳನ್ನು ನಾಲ್ಕಕ್ಕೆ ಇಳಿಸಿ, ಅವರಲ್ಲಿ ಒಬ್ಬಳನ್ನು ಹುಡುಗಿಯಾಗಿಸಿ ಈ ಎರಡನ್ನೂ ಸರಿಮಾಡಿತು.

ಕಥೆಯ ಕಟ್ಟಡವೂ ಸಡಿಲ. ಹೋಗುವುದು, ಪಿಪ್ಕಿನ್ ಕಣ್ಣಿಗೆ ಬೀಳುವುದು, ಮತ್ತೆ ತಪ್ಪಿಸಿಕೊಳ್ಳುವುದು: ಹೋದಲ್ಲೆಲ್ಲ ಇದೇ. ಹಾಗಾಗಿ ಭಯ ಏರುವುದೇ ಇಲ್ಲ. ಮಾಹಿತಿಯಲ್ಲೂ ಒಂದು ಎಡವಟ್ಟಿದೆ. ‘ಸಾವಿನ್’ (Samhain) ಎಂಬುದನ್ನು ಕುಡುಗೋಲು ಹಿಡಿದ ಸಾವಿನ ದೇವರನ್ನಾಗಿ ಮಾಡಿದ್ದಾರೆ. ನಿಜಕ್ಕೆ ಅದು ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹೊತ್ತಿನ ಕೆಲ್ಟಿಕ್ (ಐರ್ಲೆಂಡ್, ಬ್ರಿಟನ್ ಕಡೆಯ ಪ್ರಾಚೀನ ಜನರ) ಹಬ್ಬದ ಹೆಸರು. ಶಾಲೆಯ ಪ್ರಾಜೆಕ್ಟಿಗೆ ಈ ಪುಟಗಳನ್ನು ನಂಬಬೇಡಿ. ಇಷ್ಟಾದರೂ, ಗೆಳೆಯನನ್ನು ಉಳಿಸಲು ಪ್ರತಿಯೊಬ್ಬನೂ ತನ್ನ ಆಯುಷ್ಯದ ಕೊನೆಯ ಒಂದು ವರ್ಷ ಕೊಡುವ ಒಪ್ಪಂದ ಇದೆಯಲ್ಲ, ಮನಸ್ಸು ಕಲಕುವುದರಲ್ಲಿ ಅದರ ಮುಂದೆ ಉಳಿದೆರಡು ಪುಸ್ತಕಗಳ ದೆವ್ವಗಳು ಸಪ್ಪೆ.

ಆರ್.ಎಲ್. ಸ್ಟೈನ್‌ರ ‘ದಿ ಹಾಂಟೆಡ್ ಮಾಸ್ಕ್’ (1993, ಗೂಸ್‌ಬಂಪ್ಸ್ ಎಂಬ ಮಕ್ಕಳ ಭಯದ ಕಥೆಗಳ ಸರಣಿಯ 11ನೆಯದು) ಇದಕ್ಕೆ ತದ್ವಿರುದ್ಧ. ಮಾತು ಸಾದಾ, ಕಥೆ ಗಟ್ಟಿ. ಎಲ್ಲರೂ ಹೆದರಿಸಿ ನಗುವ ಹನ್ನೊಂದರ ಕಾರ್ಲಿ ಬೆತ್, ಅಮ್ಮ ಹೊಲಿದುಕೊಟ್ಟ ಬಾತುಕೋಳಿ ವೇಷ ಬಿಟ್ಟು ವಿಕಾರ ಮುಖವಾಡ ತರುತ್ತಾಳೆ. ಅದು ಮುಖಕ್ಕೇ ಅಂಟಿಕೊಳ್ಳುತ್ತದೆ. ಕುತ್ತಿಗೆಯ ಬಳಿ ಮುಖವಾಡದ ಅಂಚು ಎಲ್ಲಿದೆ ಎಂದು ಬೆರಳಿನಲ್ಲಿ ತಡಕಾಡಿ, ಸಿಗದೇ ಹೋಗುವ ಆ ಪುಟ ದೊಡ್ಡವರಿಗೂ ಮೈ ಜುಮ್ಮೆನಿಸುತ್ತದೆ. ದೋಷ ಎರಡು. ಅಧ್ಯಾಯ ಮುಗಿಯುವಾಗ ಬೆಚ್ಚಿಸಿ, ಮುಂದಿನದರಲ್ಲಿ ಏನೂ ಇರಲಿಲ್ಲ ಅನ್ನುವ ಚಾಳಿ. ಮೂರ್ನಾಲ್ಕು ಸಲ ಆದಮೇಲೆ ಮಕ್ಕಳೇ ಮೊದಲೇ ಹೇಳಿಬಿಡುತ್ತಾರೆ. ಇನ್ನೊಂದು, ಮುಖವಾಡ ಬಿಡಿಸುವ ನಿಯಮವನ್ನು ಅಂಗಡಿಯವನ ಬಾಯಲ್ಲಿ ಒಂದೇ ಉಸಿರಿಗೆ ಹೇಳಿಸಿರುವುದು. ಅದನ್ನು ಸಂಭಾಳಿಸುವುದು ಅಮ್ಮ ಪ್ರೀತಿಯಿಂದ ಮಾಡಿಟ್ಟ, ಅವಳದೇ ಮುಖದ ಪ್ಲಾಸ್ಟರ್ ತಲೆ. ಆರಂಭದಲ್ಲೇ ಅದನ್ನು ತೋರಿಸಿರುವುದರಿಂದ ಪರಿಹಾರ ಆಕಾಶದಿಂದ ಉದುರಿದಂತಿಲ್ಲ. ಎಂಟರಿಂದ ಹತ್ತರ ಮಕ್ಕಳು ತಾವೇ ಓದಲು ಇದೇ ಸರಿ.

ಜಾನ್ ಬೆಲೇರ್ಸ್‌ರ ‘ದಿ ಹೌಸ್ ವಿತ್ ಎ ಕ್ಲಾಕ್ ಇನ್ ಇಟ್ಸ್ ವಾಲ್ಸ್’ (1973) ಪೂರ್ತಿ ಹ್ಯಾಲೋವೀನ್ ಪುಸ್ತಕವೇನಲ್ಲ. ಆದರೆ ಹ್ಯಾಲೋವೀನ್ ರಾತ್ರಿ ಅನಾಥ ಲೂಯಿಸ್ ಗೆಳೆಯನನ್ನು ಮೆಚ್ಚಿಸಲು ಸ್ಮಶಾನದಲ್ಲಿ ಸತ್ತವರನ್ನು ಎಬ್ಬಿಸುವ ಪ್ರಸಂಗ ಮೂರರಲ್ಲೂ ಹೆಚ್ಚು ಹೆದರಿಸುತ್ತದೆ. ತಪ್ಪು ಮಾಡಿ ಬಾಯಿಬಿಡಲಾಗದ ಹುಡುಗನ ಸಂಕಟ ಅದರಲ್ಲಿ ಬೆರೆತಿದೆ. ಕೊನೆ ಮಾತ್ರ ಅವಸರದ್ದು: ಗಡಿಯಾರ ಎಲ್ಲಿದೆ ಎಂಬ ಇಡೀ ಕಾದಂಬರಿಯ ಒಗಟಿಗೆ ಭವಿಷ್ಯ ಹೇಳುವ ಆಟಿಕೆ ಚೆಂಡೊಂದು ಸುಳಿವು ಕೊಡುತ್ತದೆ. ಚುರುಕು ಓದುಗ ಇಲ್ಲಿ ಮುನಿಸಿಕೊಳ್ಳುವುದು ಖಂಡಿತ.

ಕೊಳ್ಳುವಾಗ ಚಿತ್ರಗಳನ್ನೂ ನೋಡಿಕೊಳ್ಳಿ. ಬೆಲೇರ್ಸ್ ಪುಸ್ತಕಕ್ಕೆ ಎಡ್ವರ್ಡ್ ಗೋರಿಯ ಚಿತ್ರಗಳು, ಬ್ರಾಡ್‌ಬರಿಯದಕ್ಕೆ ಜೋಸೆಫ್ ಮುಗ್ನೈನಿಯ ಚಿತ್ರಗಳು ಇರುವ ಪ್ರತಿಯೇ ಬೇಕು. ಬ್ರಾಡ್‌ಬರಿಯನ್ನು ಓದಿ ಹೇಳುವವರು ಒಮ್ಮೆಗೆ ಎರಡು ಅಧ್ಯಾಯ ದಾಟಬೇಡಿ. ಆ ಭಾಷೆಯ ಅಬ್ಬರಕ್ಕೆ ಗಂಟಲೂ ಸೋಲುತ್ತದೆ, ಕೇಳುವವರ ಗಮನವೂ ಚದುರುತ್ತದೆ.