ಟೈಟ್‌ಬಾಂಡ್ ಅಂಟು, ಐದು ಮಳೆಗಾಲದ ನಂತರ

ಕೆಂಪು ಲೇಬಲ್‌ನ ಟೈಟ್‌ಬಾಂಡ್ ಒರಿಜಿನಲ್, ಮರ ಕೂಡಿಸುವ ಅಂಟು, 237 ಮಿಲಿ ಬಾಟಲಿ. 2020ರ ಡಿಸೆಂಬರ್‌ನಿಂದ ಬಳಸುತ್ತಿದ್ದೇನೆ. ನಾನು ಮಾಡಿದ ಒಂಬತ್ತು ಗಿಟಾರು, ಮೂರು ಯುಕುಲೇಲೆ (ನಾಲ್ಕು ತಂತಿಯ ಪುಟ್ಟ ಗಿಟಾರು) ಇದರಲ್ಲೇ ಆದವು. ಶಿರಸಿಯಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಕೆಲಸ, ಮೇಲೆ ಅಡಿಕೆ ಅಟ್ಟ.

ಅಂಟು ಗಟ್ಟಿ ಹಿಡಿಯುತ್ತಾ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಹಿಡಿಯುತ್ತದೆ. ಎರಡು ಮರ ಸರಿಯಾಗಿ ಕೂತಿದ್ದರೆ, ಆಮೇಲೆ ಬಡಿದು ನೋಡಿದಾಗ ಪಕ್ಕದ ಮರವೇ ಸೀಳುತ್ತದೆ, ಕೂಡಿಸಿದ ಗೆರೆ ಬಿಡುವುದಿಲ್ಲ. ನನ್ನನ್ನು ಐದು ವರ್ಷ ಕಾಡಿದ್ದು ಬೇರೆ. ಮರ ಒತ್ತಿ ಹಿಡಿಯುವ ಕ್ಲಾಂಪ್ ಬಿಗಿದಾಗ ಹೊರಗೆ ಉಕ್ಕಿ ಬರುತ್ತದಲ್ಲ, ಆ ಅಂಟು.

ಮೊದಲ ಗಿಟಾರಿಗೆ ಮುಂಭಾಗ ಸ್ಪ್ರೂಸ್ ಎಂಬ ಮೆತ್ತನೆ ಮರ, ಹಿಂಭಾಗ ಮತ್ತು ಪಕ್ಕಕ್ಕೆ ಹಳೇ ಮನೆಯ ಹಲಸಿನ ಬಾಗಿಲು. ಅಂಟು ಉಕ್ಕಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟೆ. ನೀರಿನಲ್ಲಿ ಹೋಗುತ್ತದೆ ಅಂತ ಗೊತ್ತಿತ್ತು, ಹೋಯಿತು ಕೂಡ. ನೋಡಲು ಚೊಕ್ಕವಾಗಿತ್ತು. ಎರಡು ತಿಂಗಳ ನಂತರ ಅರಗಿನ ಪಾಲಿಶ್‌ನ ಮೊದಲ ಕೋಟು ಹಚ್ಚಿದೆ. ಅಂಚಿನುದ್ದಕ್ಕೂ ಮಸುಕು ಮಸುಕು ಕಲೆ, ಒಂದು ಕಡೆ ಅಂಗೈಯಷ್ಟು ಅಗಲ. ಒದ್ದೆ ಬಟ್ಟೆ ಅಂಟನ್ನು ತೆಗೆದಿರಲಿಲ್ಲ. ತೆಳು ಮಾಡಿ ಮರದ ರಂಧ್ರದೊಳಗೆ ತುಂಬಿತ್ತು. ಅಂಟು ಕುಡಿದ ಮರ ಪಾಲಿಶ್ ಕುಡಿಯುವುದಿಲ್ಲ. ಎರಡು ಸಂಜೆ ಕೂತು ಕೆರೆದೆ. 2.8 ಮಿಲಿಮೀಟರ್ ಇದ್ದ ಹಲಗೆ ಆ ಜಾಗದಲ್ಲಿ 2.5ಕ್ಕೆ ಇಳಿಯಿತು. ಆಗ ಆದ ಸಂಕಟ ಇನ್ನೂ ನೆನಪಿದೆ.

ನಮ್ಮ ಕೇರಿಯ ಆಚಾರ್ರು ಅದನ್ನು ನೋಡಿ ಹೇಳಿದರು, "ತಮಾ, ಹಲಸಿನ ಮೇಣ ಹಸಿ ಇದ್ದಾಗ ಒರೆಸಿದ್ರೆ ಏನಾಗ್ತದೆ? ಕೈ ತುಂಬ ಆಗ್ತದೆ. ಬಿಡು ಅದನ್ನ, ಸ್ವಲ್ಪ ಗಟ್ಟಿಯಾಗ್ಲಿ."

ಅವತ್ತಿನಿಂದ ಕಾಯುವುದನ್ನು ಕಲಿತೆ. ಈ ಅಂಟಿನ ದೊಡ್ಡ ಗುಣ ಇರುವುದೇ ಅಲ್ಲಿ. ಬಿಗಿದ ತಕ್ಷಣ ಗೆರೆಯುದ್ದಕ್ಕೂ ಸಾಸಿವೆ ಕಾಳಿನಂತೆ ಹನಿಗಳು ಏಳುತ್ತವೆ, ಕೆನೆ ಹಳದಿ ಬಣ್ಣ. ಸ್ವಲ್ಪ ಹೊತ್ತಿಗೆ ಮೇಲೆ ಪೊರೆ ಕಟ್ಟುತ್ತದೆ, ಅಂಚು ಪಾರದರ್ಶಕವಾಗುತ್ತಾ ಬರುತ್ತದೆ. ಆಗ ಉಗುರಿನಿಂದ ಒತ್ತಿ ನೋಡಿ. ಗುರುತು ಮೂಡಬೇಕು, ಉಗುರಿಗೆ ಅಂಟಬಾರದು. ತಟ್ಟೆಯಲ್ಲಿ ಆರಿದ ಹಾಲುಬಾಯಿ ಚಾಕುವಿಗೆ ಅಂಟದೆ ಬಿಡುತ್ತದಲ್ಲ, ಅದೇ ಹದ. ಹರಿತವಾದ ಉಳಿಯನ್ನು ಮರಕ್ಕೆ ಸಪಾಟಾಗಿ ಇಟ್ಟು ಸುಮ್ನೆ ದೂಡಿದರೆ ಸಾಕು, ಇಡೀ ಸಾಲು ದಾರದಂತೆ ಎದ್ದು ಬರುತ್ತದೆ. ಕೆಳಗೆ ಮರ ಒಣಗಿದ್ದು, ಚೊಕ್ಕ.

ಆ ಹದ ತಪ್ಪಿದರೆ ಕಷ್ಟ. ರಾತ್ರಿ ಬಿಟ್ಟು ಬೆಳಿಗ್ಗೆ ಬಂದರೆ ಗಾಜಿನಂತೆ ಆಗಿರುತ್ತದೆ. ಕೆತ್ತಲು ಹೋದರೆ ಸ್ಪ್ರೂಸ್‌ನ ನಾರನ್ನೇ ಕಿತ್ತುಕೊಂಡು ಬರುತ್ತದೆ.

ಎಷ್ಟು ಹೊತ್ತು ಕಾಯಬೇಕು? ನನ್ನ ಕೋಣೆಯಲ್ಲಿ ಫೆಬ್ರವರಿಯಲ್ಲಿ 20 ನಿಮಿಷ. ಜುಲೈನಲ್ಲಿ 50 ನಿಮಿಷವಾದರೂ ಹನಿ ಹಸಿಯಾಗೇ ಇರುತ್ತದೆ. ಹೊರಗೆ ಮಳೆ, ಒಳಗೆ ತೇವಾಂಶದ ಮೀಟರು 90ರ ಹತ್ತಿರ. ಹಾಗಾಗಿ ಗಡಿಯಾರ ನೋಡಬೇಡಿ, ಉಗುರನ್ನೇ ನಂಬಿ. ಇನ್ನೊಂದು ಮಾತು, ಮಳೆಗಾಲದಲ್ಲಿ ತೆಳು ಹಲಗೆಗೆ ಬ್ರೇಸ್ ಪಟ್ಟಿ (ಒಳಗಿನಿಂದ ಬಲ ಕೊಡುವ ಅಡ್ಡಪಟ್ಟಿ) ಅಂಟಿಸುವುದನ್ನೇ ನಾನು ಬಿಟ್ಟಿದ್ದೇನೆ. ತೇವ ಕುಡಿದು ಉಬ್ಬಿದ ಹಲಗೆಗೆ ಅಡ್ಡಪಟ್ಟಿ ಅಂಟಿಸಿದರೆ, ಬೇಸಿಗೆಯಲ್ಲಿ ಹಲಗೆ ಕುಗ್ಗಿ ಬಿರುಕು ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಕ್ (ಗಿಟಾರಿನ ಕತ್ತು) ಕೆತ್ತುವ ಕೆಲಸ ಮಾತ್ರ.

ಬ್ರೇಸ್ ಒತ್ತಲು ನಾನು ಬಿದಿರ ದಬ್ಬೆ ಬಳಸುತ್ತೇನೆ. ಕೆಲಸದ ಮೇಜಿನ ಮೇಲ್ಗಡೆ ಅಡ್ಡಲಾಗಿರುವ ಹಲಗೆಗೂ ಬ್ರೇಸಿಗೂ ನಡುವೆ ಬಿಲ್ಲಿನಂತೆ ಬಗ್ಗಿಸಿ ನಿಲ್ಲಿಸುವುದು. ಹಾಗೆ ಇಪ್ಪತ್ತು ದಬ್ಬೆ ನಿಂತ ಮೇಲೆ ಸಂದಿಯಲ್ಲಿ ಉಳಿ ಆಡುವುದಿಲ್ಲ. ಅಲ್ಲಿ ಅಂಟು ಹಸಿ ಇದ್ದಾಗಲೇ ಸ್ಟ್ರಾ ತುದಿಯನ್ನು ಓರೆಯಾಗಿ ಕತ್ತರಿಸಿ ಮೂಲೆಗೆ ಒತ್ತಿ ದೂಡುತ್ತಿದ್ದೆ, ಅಂಟು ಕೊಳವೆಯೊಳಗೆ ಹೋಗುತ್ತಿತ್ತು. 2022ರ ಜುಲೈನಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಯಿತು. ಕಾಗದದ್ದು ಎರಡು ಗೆರೆಗೇ ಮೆತ್ತಗಾಗುತ್ತದೆ. ಈಗ ಬಿದಿರನ್ನೇ ಉಳಿಯಂತೆ ಚೂಪು ಮಾಡಿಕೊಂಡು, ಹದಕ್ಕೆ ಬಂದಾಗ ಅದರಲ್ಲೇ ಎಬ್ಬಿಸುತ್ತೇನೆ. ಸ್ಪ್ರೂಸ್‌ಗೆ ಗೀರು ಬೀಳುವುದಿಲ್ಲ.

ಹಿಂಭಾಗ ಮುಚ್ಚುವಾಗ ಮಾತ್ರ ಉಳಿಯೂ ಇಲ್ಲ, ಬಿದಿರೂ ಇಲ್ಲ. ಒಳಗೆ ಕೈ ಹೋಗುವುದಿಲ್ಲ. ಅಲ್ಲಿ ಅಂಟನ್ನೇ ಕಡಿಮೆ ಹಚ್ಚಬೇಕು, ಬ್ರಷ್‌ನಲ್ಲಿ ತೆಳುವಾಗಿ, ಒಳ ಅಂಚಿಗಿಂತ ಹೊರ ಅಂಚಿಗೆ ಸ್ವಲ್ಪ ಜಾಸ್ತಿ. ಒಳಗೆ ಒಂದೆರಡು ಹನಿ ಉಳಿದರೆ ಸ್ವರದಲ್ಲಿ ನನಗೆ ವ್ಯತ್ಯಾಸ ಕೇಳಿಲ್ಲ. ಆದರೆ ಗಿಟಾರು ಕೊಳ್ಳಲು ಬಂದವರು ಕನ್ನಡಿ, ಟಾರ್ಚು ಹಿಡಿದು ಮೊದಲು ನೋಡುವುದು ಅದನ್ನೇ ಅಲ್ವಾ?

ಫಿಂಗರ್‌ಬೋರ್ಡ್ (ಬೆರಳು ಒತ್ತುವ ಹಲಗೆ) ಕೂಡಿಸುವಾಗ ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ ಲೋಹದ ಸರಳು) ಇರುವ ಕಾಲುವೆಯ ಮೇಲೆ ಟೇಪ್ ಹಾಕಿ. ಅಂಟು ಹಚ್ಚಿ, ಮೇಲಿನ ಹಲಗೆ ಇಡುವ ಮುಂಚೆ ಟೇಪ್ ಕೀಳಿ. ಮರೆತು ರಾಡಿಗೆ ಅಂಟು ಇಳಿದರೆ ಅದು ಮತ್ತೆ ತಿರುಗುವುದಿಲ್ಲ.

ಚರ್ಮದಿಂದ ಮಾಡುವ ಬಿಸಿ ಅಂಟು, ನಮ್ಮ ಹಿರಿಯರ ಮರವಜ್ರ, ಅದನ್ನೂ ಒಂದು ಯುಕುಲೇಲೆಗೆ ಬಳಸಿ ನೋಡಿದ್ದೆ. ಉಕ್ಕಿದ್ದನ್ನು ಬೆಚ್ಚನೆ ನೀರಿನಲ್ಲಿ ತೆಗೆಯಬಹುದು. ಪಾಲಿಶ್ ಅಡಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅಂಟಿನಲ್ಲಿ ಅದೇ ಮೇಲು ಅಂತ ನನಗೂ ಅನಿಸುತ್ತದೆ. ಆದರೆ ಅದನ್ನು 60 ಡಿಗ್ರಿಯಲ್ಲಿ ಬಿಸಿ ಇಡಬೇಕು, ಒಂದೆರಡು ನಿಮಿಷದೊಳಗೆ ಕೂಡಿಸಿ ಮುಗಿಸಬೇಕು. ನಮ್ಮಲ್ಲಿ ಗಾಳಿ ಎದ್ದರೆ ಕರೆಂಟ್ ಹೋಗುತ್ತದೆ. ಒಬ್ಬನೇ ಕೆಲಸ ಮಾಡುವವನಿಗೆ ಹಳದಿ ಅಂಟು ಕೊಡುವ ಹತ್ತು ನಿಮಿಷ ದೊಡ್ಡದು.

ಹಳದಿ ಅಂಟಿನ ಜಾತಿಗೆ ಬಿಸಿ ಆಗದು, ಮೆತ್ತಗಾಗುತ್ತದೆ. ಗೆಳೆಯನೊಬ್ಬ ಏಪ್ರಿಲ್‌ನಲ್ಲಿ ಕಾರವಾರದ ಕಡಲ ತೀರದ ಬಿಸಿಲಲ್ಲಿ, ಮುಚ್ಚಿದ ಕಾರಿನಲ್ಲಿ ಗಿಟಾರು ಬಿಟ್ಟಿದ್ದ. ಸಂಜೆಗೆ ತಂತಿ ಕಟ್ಟುವ ಬ್ರಿಡ್ಜ್‌ನ ಹಿಂದಿನ ಅಂಚು ಒಂದು ಕಾಗದ ತೂರುವಷ್ಟು ಎದ್ದಿತ್ತು. ಆರು ಸ್ಟೀಲ್ ತಂತಿ ಸೇರಿ ಸುಮಾರು 70 ಕಿಲೋ ಎಳೆಯುತ್ತವೆ, ಅದೂ ದಿನವಿಡೀ. ಬಿಸಿಗೆ ಮೆತ್ತಗಾಗುವ ಅದೇ ಗುಣದಿಂದ ರಿಪೇರಿ ಸಲೀಸು: ಬಿಸಿ ಮಾಡಿದ ತೆಳು ಚಾಕು ತೂರಿಸಿ ಬ್ರಿಡ್ಜ್ ಪೂರ್ತಿ ಬಿಚ್ಚಿದೆ, ಹಳೇ ಅಂಟು ಕೆರೆದು ಹೊಸದಾಗಿ ಕೂಡಿಸಿದೆ. ಸುತ್ತ ಟೇಪ್ ಅಂಟಿಸಿದ್ದೆ, ಉಕ್ಕಿದ್ದು ಟೇಪಿನ ಜೊತೆಗೇ ಬಂತು.

ಕೊಳ್ಳುವಾಗ ಬಾಟಲಿಯ ಮೇಲಿನ ಲಾಟ್ ನಂಬರ್ ಓದಿ. ಮೊದಲು ಎ ಅಕ್ಷರ, ಅದರ ಪಕ್ಕದ ಅಂಕಿ ವರ್ಷದ ಕೊನೆಯ ಅಂಕಿ, ಆಮೇಲಿನ ಎರಡು ತಿಂಗಳು, ಮತ್ತೆರಡು ದಿನ. ಒಬ್ಬ ಆನ್‌ಲೈನ್ ಮಾರಾಟಗಾರ ನನಗೆ ನಾಲ್ಕು ವರ್ಷ ಹಳೆಯದನ್ನು ಕಳಿಸಿದ್ದ. ಸುರಿದರೆ ನೂಲು ನೂಲಾಗಿ ಇಳಿಯುತ್ತಿತ್ತು. ವಾಪಸ್ ಕಳಿಸಿದೆ. ಈಗಿನದು ನಾಲ್ಕನೇ ಬಾಟಲಿ. ಮುಚ್ಚಳದ ಮೇಲೆ ತೆರೆದ ದಿನ ಬರೆದು, ಅಟ್ಟದ ಬಿಸಿಗೆ ಸಿಗದಂತೆ ಅಡುಗೆಮನೆಯ ಕೆಳಗಿನ ಗೂಡಿನಲ್ಲಿ ಇಟ್ಟಿದ್ದೇನೆ.